ಸುಟ್ಟ ಆಯಿಲ್ ಉರುವಲಾದೀತೆ?

ತೊಗರಿಯ ಸುಗ್ಗಿ ಬಂದಿತೆಂದರೆ ನಮ್ಮ ಬೀದರದ ಗಾಂಧಿ ಗಂಜಿಗೆ ಭಾಲ್ಕಿ, ಔರಾದ ಕಡೆಗಳಿಂದ ಲಾರಿ, ಟೆಂಪೊ, ಟ್ರ್ಯಾಕ್ಟರುಗಳ ಸಾಲೇ ಹರಿದುಬರುತ್ತದೆ. ವಾಹನಗಳಿರುವಲ್ಲಿ ಗ್ಯಾರೇಜುಗಳಿರುವುದು ಸಹಜ. ಮಿಸ್ತ್ರಿಯು ಇಂಜಿನ್ನಿನ ತಳದ ಬೋಲ್ಟನ್ನು ಸಡಿಲಿಸಿದೊಡನೆ ಡಬ್ಬಿಗೆ ಇಳಿಯುವ ಕಪ್ಪು ದ್ರವವನ್ನು ನೋಡದವರು ವಿರಳ. ಮೋಟಾರ್ ಸೈಕಲ್ಲಿನಿಂದ ಒಂದೊಂದು ಸಲಕ್ಕೆ ಸುಮಾರು ೧ ಲೀಟರು, ಲಾರಿಯಿಂದ ೧೦ ಲೀಟರಿಗೂ ಮಿಕ್ಕಿ ಇಳಿಯುವ ಈ ದ್ರವಕ್ಕೆ ಸುಟ್ಟ ಆಯಿಲ್ ಎಂದು ಹೆಸರು. ಸೆಂಟ್ರಿಂಗ್ ಹಲಗೆಗೆ ಬಳಿಯುವವರು, ಗೆದ್ದಲು ಹತ್ತದಿರಲೆಂದು ತೊಲೆಗೆ ಸವರುವವರು, ಏನೂ ತೋಚದೆ ಚರಂಡಿಯ ಬದಿಗೆ ಸುರಿಯುವವರು ಎಲ್ಲರೂ ಉಂಟು. ಇದನ್ನು ಮನೆಯಲ್ಲಿಯೇ ಸೋಸಿ ಕಾಯಿಸಿ ಡೀಸೆಲ್ಲಿನಂತಹ ಉರುವಲನ್ನಾಗಿ ಮಾಡಬಹುದೆಂಬ ಮಾತೂ ಕೇಳಿಬರುತ್ತಿದೆ. ಈ ಮಾತಿನಲ್ಲಿ ಎಷ್ಟು ನಿಜವುಂಟು, ಎಷ್ಟು ಅಪಾಯವುಂಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಕಲಾ ಕಾಲೇಜಿನವರಿಗೆ ರಸಾಯನದ ಗೊಡವೆ ಏಕೆಂದು ಕೆಲವರು ಕೇಳಬಹುದು. ಬೀದರದ ಬಾವಿಯ ನೀರು ಕುಡಿಯುವವರಿಗೆಲ್ಲ ಇದು ಸಂಬಂಧಪಟ್ಟ ವಿಷಯವೆಂಬುದು ಮುಂದೆ ತಿಳಿದೀತು.

ಇಂಜಿನ್ ಆಯಿಲ್ ಎಂಬುದು ಒಂದು ಕೀಲೆಣ್ಣೆ. ಇಂಗಾಲ ಮತ್ತು ಜಲಜನಕಗಳು ಕೂಡಿ ಆದ ಉದ್ದುದ್ದನೆಯ ಅಣುಗಳ ಸಮೂಹ. ಡೀಸೆಲ್ಲೂ ಅದೇ ಕುಲದ್ದೇ, ಆದರೆ ಅದರ ಅಣುಗಳು ಗಿಡ್ಡ. ಕಾರ್ಖಾನೆಯವರು ಕೀಲೆಣ್ಣೆಗೆ ಸವೆತ ತಡೆಯಲು ಸತು, ರಂಜಕ, ಗಂಧಕಗಳಿರುವ ಒಂದು ಸಂಯುಕ್ತವನ್ನೂ, ಆಮ್ಲವನ್ನು ಹೀರಲು ಕ್ಯಾಲ್ಸಿಯಮ್ಮಿನ ಲವಣಗಳನ್ನೂ, ಮಸಿ ಗಂಟುಕಟ್ಟದಂತೆ ಚದುರಿಸಿಡಲು ಮತ್ತೊಂದು ದ್ರವ್ಯವನ್ನೂ ಬೆರೆಸುತ್ತಾರೆ. ಬಿದರಿ ಪಾತ್ರೆಗಳ ಊರಿನವರಾದ ನಮಗೆ ಸತುವಿನ ಪರಿಚಯ ಹೊಸದಲ್ಲ. ಅದು ಇಂಜಿನ್ನಿನ ಎಣ್ಣೆಯಲ್ಲಿಯೂ ಕರಗಿರುವುದೆಂಬುದು ಮಾತ್ರ ಅನೇಕರಿಗೆ ಹೊಸ ಸಂಗತಿಯಾದೀತು. ಎಣ್ಣೆಯು ಇಂಜಿನ್ನಿನಲ್ಲಿ ಸಾವಿರಾರು ಕಿಲೋಮೀಟರು ತಿರುಗಿದ ಮೇಲೆ ಇವೆಲ್ಲದರ ಜೊತೆಗೆ ಮಸಿ, ಸವೆದ ಕಬ್ಬಿಣ, ತಾಮ್ರ, ಬೇರಿಂಗಿನ ಸೀಸ, ಸ್ವಲ್ಪ ನೀರು, ಉರಿಯದೆ ಉಳಿದ ಪೆಟ್ರೋಲು ಸೇರಿಕೊಳ್ಳುತ್ತವೆ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ೨೦೦೦ದ ಫೆಬ್ರುವರಿಯಲ್ಲಿ ನಿಂತ ಮೇಲೆ ಇದರಲ್ಲಿ ಸೀಸದ ಪ್ರಮಾಣ ತಗ್ಗಿದೆ, ಉಳಿದವು ತಗ್ಗಿಲ್ಲ.

ನಿಜ ಹೇಳಬೇಕೆಂದರೆ ಸುಟ್ಟ ಆಯಿಲ್ ಎಂಬ ಹೆಸರೇ ಸರಿಯಲ್ಲ. ಎಣ್ಣೆ ಸುಟ್ಟಿರುವುದಿಲ್ಲ, ಮಲಿನವಾಗಿರುತ್ತದೆ, ಅಷ್ಟೆ. ಆದುದರಿಂದ ಅದರ ಶಾಖಶಕ್ತಿ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ: ಕಿಲೋಗ್ರಾಮಿಗೆ ಸುಮಾರು ೧೦,೦೦೦ ಕಿಲೋಕ್ಯಾಲರಿ. ಒಣ ಕಟ್ಟಿಗೆಯಿಂದ ದೊರೆಯುವುದು ಇದರ ಅರ್ಧಕ್ಕಿಂತಲೂ ಕಡಿಮೆ. ಜನರಿಗೆ ಇದರ ಮೇಲೆ ಆಸೆ ಹುಟ್ಟುವುದು ಈ ಕಾರಣದಿಂದ. ಆಸೆ ಅಯೋಗ್ಯವಾದುದೇನೂ ಅಲ್ಲ.

ಗಂಜಿನ ಬಳಿಯ ಒಬ್ಬ ಮಿಸ್ತ್ರಿಯನ್ನು ಈ ಬಗ್ಗೆ ವಿಚಾರಿಸಿದಾಗ ಅವರು, "ಹದಿನೈದು ದಿನಾ ಪೀಪಾಯಿ ಮುಟ್ಟದಂಗ ಇಟ್ರ ಹೊಲಸೆಲ್ಲಾ ತಳಾ ಹಿಡಿತದ್ರಿ" ಎಂದರು. ಈ ಮಾತು ಅರ್ಧ ಸರಿಯಾದುದು. ದ್ರವದಲ್ಲಿ ಮುಳುಗುವ ಕಣದ ವೇಗವನ್ನು ಲೆಕ್ಕ ಹಾಕುವ ಸೂತ್ರವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ೧೮೫೧ರಲ್ಲಿಯೇ ಕೊಟ್ಟಿದ್ದಾನೆ. ದ್ರವ ಮಂದವಾದಷ್ಟೂ ಕಣ ನಿಧಾನವಾಗಿ ಇಳಿಯುತ್ತದೆ. ಕಣದ ಗಾತ್ರ ಹತ್ತರಲ್ಲೊಂದಾದರೆ ವೇಗ ನೂರರಲ್ಲೊಂದಾಗುತ್ತದೆ. ಲಾರಿಯ ಇಂಜಿನ್ ಎಣ್ಣೆ ನಮ್ಮ ಸಾಧಾರಣ ಹವೆಯಲ್ಲಿ ನೀರಿಗಿಂತ ನೂರೈವತ್ತು ಇನ್ನೂರು ಪಟ್ಟು ಮಂದ. ಈ ಲೆಕ್ಕದಲ್ಲಿ ೧೦ ಮೈಕ್ರಾನಿನ ಕಬ್ಬಿಣದ ಕಣವು (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಿನಕ್ಕೆ ಇಪ್ಪತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ. ೫೦ ಮೈಕ್ರಾನಿನ ನೀರಿನ ಹನಿ ಒಂಬತ್ತು ಸೆಂಟಿಮೀಟರು. ೨೦೦ ಲೀಟರಿನ ಪೀಪಾಯಿಯ ಎತ್ತರ ಸುಮಾರು ೯೦ ಸೆಂಟಿಮೀಟರು. ಆದುದರಿಂದ ಕಬ್ಬಿಣ ನಾಲ್ಕೈದು ದಿನಗಳಲ್ಲಿ, ನೀರು ಹತ್ತು ದಿನಗಳಲ್ಲಿ ತಳ ಸೇರಬೇಕು. ಮಿಸ್ತ್ರಿಗಳ ಅನುಭವದ ಹದಿನೈದು ದಿನಕ್ಕೂ ಸೂತ್ರಕ್ಕೂ ಎಷ್ಟು ಹೊಂದಿಕೆ ಇದೆ ನೋಡಿ!

ಆದರೆ ಮಸಿಯ ಕಣ ಒಂದು ಮೈಕ್ರಾನಿನ ಐದರಲ್ಲೊಂದು ಪಾಲಿನಷ್ಟೇ ಇರುತ್ತದೆ. ಅದನ್ನು ಅದೇ ಸೂತ್ರಕ್ಕೆ ಹಾಕಿದರೆ, ಅದೇ ಪೀಪಾಯಿಯ ಮೇಲಿನಿಂದ ತಳಕ್ಕೆ ಇಳಿಯಲು ಇನ್ನೂರು ವರ್ಷಗಳು ಬೇಕೆಂದು ಉತ್ತರ ಬರುತ್ತದೆ. ಚದುರಿಸುವ ದ್ರವ್ಯ ಬೇರೆ ಅದನ್ನು ಎತ್ತಿ ಹಿಡಿದಿರುತ್ತದೆ. ಇನ್ನು ಕರಗಿರುವ ಸತು, ಕ್ಯಾಲ್ಸಿಯಂಗಳು ಇನ್ನೂರಲ್ಲ, ಎರಡು ಸಾವಿರ ವರ್ಷ ಇಟ್ಟರೂ ತಳ ಹಿಡಿಯುವುದಿಲ್ಲ. ಬಟ್ಟೆಯಲ್ಲಿ ಸೋಸುವುದರ ಕಥೆಯೂ ಇಷ್ಟೇ. ನೂಲಿನ ಎಳೆಗಳ ನಡುವಣ ಸಂದು ಮಸಿಯ ಕಣಕ್ಕೆ ಹೆಬ್ಬಾಗಿಲು. ನಂಬಿಕೆಯಾಗದವರು ಒಂದು ಹನಿ ಎಣ್ಣೆಯನ್ನು ಸೋಸುಕಾಗದದ ಮೇಲೆ ಹಾಕಿ ರಾತ್ರಿ ಬಿಟ್ಟು ನೋಡಬಹುದು. ಹನಿ ಹರಡಿದಷ್ಟು ದೂರ ಕಪ್ಪೂ ಹರಡಿರುತ್ತದೆ. ಅಂಚಿನಲ್ಲಿ ಮಾತ್ರ ತಿಳಿಯಾದ ಒಂದು ಬಳೆ ಕಾಣುತ್ತದೆ. ಹೀಗೆ ಸೋಸಿದ ಮೇಲೂ ಎಣ್ಣೆ ಕಪ್ಪಾಗಿಯೇ ಉಳಿಯುತ್ತದೆ.

ಕಾಯಿಸುವವರ ಪಾಡು ಇದಕ್ಕಿಂತ ಕಠಿಣ. ಕಾದ ಎಣ್ಣೆಗೆ ಒದ್ದೆ ಮೆಣಸಿನಕಾಯಿ ಬಿದ್ದರೆ ಏನಾಗುವುದೆಂದು ಮಿರ್ಚಿ ಕರಿದವರೆಲ್ಲ ಬಲ್ಲರು. ಒಂದು ಲೀಟರು ನೀರು ಆವಿಯಾದರೆ ಸುಮಾರು ೧,೭೦೦ ಲೀಟರು ಜಾಗ ಬೇಡುತ್ತದೆ. ಪೀಪಾಯಿಯ ತಳದಲ್ಲಿ ಅಡಗಿದ ನೀರು ಒಮ್ಮೆಲೇ ಆವಿಯಾದರೆ ಎಣ್ಣೆಯೆಲ್ಲ ನೊರೆಯೆದ್ದು ಒಲೆಯ ಮೇಲೆ ಉಕ್ಕುತ್ತದೆ. ಎರಡನೆಯದು ಪೆಟ್ರೋಲು. ಹೊಸ ಇಂಜಿನ್ ಎಣ್ಣೆಯ ಆವಿ ೨೦೦ ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯದ ಹೊರತು ಕಿಡಿಗೆ ಹೊತ್ತಿಕೊಳ್ಳದು. ಅದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಪೆಟ್ರೋಲು ಬೆರೆತರೂ ಈ ಅಂಕೆ ಬಹಳ ಕೆಳಗಿಳಿಯುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನೋ ಬೀಡಿಯ ಕಿಡಿಯನ್ನೋ ಹುಡುಕಿಕೊಂಡು ಹೋಗುತ್ತದೆ. ಹೊತ್ತಿದ ಎಣ್ಣೆಗೆ ನೀರು ಸುರಿದರೆ ಬೆಂಕಿ ಹರಡುತ್ತದೆ, ಮರಳು ಬೇಕು.

ಉದ್ದನೆಯ ಅಣುಗಳನ್ನು ಒಡೆದು ನಿಜವಾಗಿ ಡೀಸೆಲ್ಲಿನಷ್ಟು ತೆಳ್ಳಗೆ ಮಾಡಬೇಕಾದರೆ ಗಾಳಿಯಾಡದ ಪಾತ್ರೆಯಲ್ಲಿ ೪೦೦ ಡಿಗ್ರಿಗೂ ಮೇಲೆ ಕಾಯಿಸಬೇಕು. ಆಗ ತೆಳು ಎಣ್ಣೆಯ ಜೊತೆಗೆ ಉರಿಯುವ ಅನಿಲವೂ, ತಳದಲ್ಲಿ ಗಟ್ಟಿ ಕಿಟ್ಟವೂ ಹುಟ್ಟುತ್ತವೆ. ಅನಿಲಕ್ಕೆ ದಾರಿಯಿಲ್ಲದಿದ್ದರೆ ಪಾತ್ರೆ ಸಿಡಿಯುತ್ತದೆ, ಗಾಳಿ ಒಳಹೊಕ್ಕರೆ ಹೊತ್ತುತ್ತದೆ. ಒತ್ತಡ ಅಳೆಯುವ ಮಾಪಕ, ಅಪಾಯದ್ವಾರ, ತಂಪುಗೊಳಿಸುವ ನಾಳಗಳಿಲ್ಲದೆ ಹಿತ್ತಿಲಿನ ತಗಡಿನ ಪೀಪಾಯಿಯಲ್ಲಿ ಇದಕ್ಕೆ ಕೈಹಾಕುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಕಾರ್ಖಾನೆಗಳಲ್ಲಿ ಕೀಲೆಣ್ಣೆಯನ್ನು ಮರಳಿ ಪಡೆಯಲು ನಿರ್ವಾತದಲ್ಲಿ ಬಟ್ಟಿಯಿಳಿಸುತ್ತಾರೆ. ಒತ್ತಡ ತಗ್ಗಿದರೆ ಕುದಿಯುವ ಉಷ್ಣತೆಯೂ ತಗ್ಗುವುದರಿಂದ ಅಣುಗಳು ಒಡೆಯದೆಯೇ ಆವಿಯಾಗಿ ಬರುತ್ತವೆ. ಸತು, ಮಸಿಗಳು ಕೆಳಗುಳಿಯುತ್ತವೆ. ಹಿಂದೆ ಗಂಧಕಾಮ್ಲ ಹಾಕಿ, ಜೇಡಿಮಣ್ಣಿನಲ್ಲಿ ಸೋಸುವ ವಿಧಾನವಿತ್ತು. ಅದರಿಂದ ಉಳಿಯುವ ಆಮ್ಲದ ಡಾಂಬರು ಮೂಲದ ಎಣ್ಣೆಗಿಂತ ಕೆಟ್ಟದ್ದು.

ರುಡಾಲ್ಫ್ ಡೀಸೆಲ್ಲನ ಇಂಜಿನ್ ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಶೇಂಗಾ ಎಣ್ಣೆಯಿಂದಲೇ ಓಡಿತೆಂದು ಹೇಳಿ ವಾದಿಸುವವರಿದ್ದಾರೆ. ಓಡಿದ್ದು ನಿಜ. ಆದರೆ ಶೇಂಗಾ ಎಣ್ಣೆಯಲ್ಲಿ ಸತುವೂ ಇಲ್ಲ, ಮಸಿಯೂ ಇಲ್ಲ. ಸೋಸಿದ ಸುಟ್ಟ ಆಯಿಲ್ ೪೦ ಡಿಗ್ರಿಯಲ್ಲಿಯೂ ಡೀಸೆಲ್ಲಿಗಿಂತ ಇಪ್ಪತ್ತು ಮೂವತ್ತು ಪಟ್ಟು ಮಂದವಾಗಿರುತ್ತದೆ. ಸೂಜಿರಂಧ್ರದಿಂದ ಮಂಜಿನಂತೆ ಚಿಮ್ಮಬೇಕಾದುದು ಹನಿಯಾಗಿ ಬೀಳುತ್ತದೆ, ಅರ್ಧ ಉರಿದು ಕರಿಯಾಗಿ ಕೂರುತ್ತದೆ. ೨೦೨೦ರ ಏಪ್ರಿಲಿನಿಂದ ನಮ್ಮ ಡೀಸೆಲ್ಲಿನಲ್ಲಿ ಹತ್ತು ಲಕ್ಷಕ್ಕೆ ೧೦ ಪಾಲಿಗಿಂತ ಹೆಚ್ಚು ಗಂಧಕ ಇರಕೂಡದೆಂಬ ನಿಯಮವುಂಟು. ಈ ಎಣ್ಣೆಯಲ್ಲಿ ಸಾವಿರಾರು ಪಾಲು ಇರುತ್ತದೆ. ಅಡುಗೆಯ ಒಲೆಗಂತೂ ಇದು ಸರ್ವಥಾ ಸಲ್ಲದು. ಎಣ್ಣೆ ಉರಿದುಹೋದರೂ ಲೋಹ ಉರಿಯುವುದಿಲ್ಲ. ಅದು ಹೊಗೆಯಲ್ಲಿ ಊದುವವರ ಎದೆಗೋ ಬೂದಿಯಲ್ಲಿ ತಿಪ್ಪೆಗೋ ಸೇರುತ್ತದೆ. ಕುಲುಮೆಗಳಲ್ಲಿ ಉರಿಸಲಿಕ್ಕೂ ಗಾಳಿಯ ಒತ್ತಡದಿಂದ ಚಿಮ್ಮಿಸುವ ಬರ್ನರು, ಎತ್ತರದ ಚಿಮಣಿ ಬೇಕು. ಸರಕಾರದ ೨೦೧೬ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇಂತಹ ಉರುವಲಿನಲ್ಲಿ ಸೀಸವು ಹತ್ತು ಲಕ್ಷಕ್ಕೆ ೧೦೦ ಪಾಲು ಮೀರಬಾರದೆಂದು ಮಿತಿ ಹಾಕಿವೆ. ಮನೆಯಲ್ಲಿ ಕುಳಿತು ಇದನ್ನು ಅಳೆಯುವುದಾದರೂ ಹೇಗೆ?

ಹಾಗಾದರೆ ಚೆಲ್ಲಿಬಿಡೋಣವೆ? ಇಲ್ಲಿಯೇ ಬೀದರದ ನೆಲದ ಮಾತು ಬರುತ್ತದೆ. ನಮ್ಮ ಊರು ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೋಟೆಯ ಕಂದಕದಲ್ಲಿ ಕಾಣುವ ಈ ಕೆಂಪು ಕಲ್ಲಿನ ಮೈಯೆಲ್ಲ ತೂತು. ಮಳೆಯ ನೀರು ಅದರಲ್ಲಿ ಇಳಿದು, ಕೆಳಗಿನ ಕರಿಕಲ್ಲಿನ ಮೇಲೆ ತಡೆದು ನಿಲ್ಲುತ್ತದೆ. ಅಲ್ಲಿಂದ ಊಟೆಯಾಗಿ ಹೊರಡುತ್ತದೆ. ಗುರುನಾನಕ ಝೀರಾದ ನೀರು ಇಂಥದೇ. ಬಹಮನಿಯವರ ಕಾಲದಲ್ಲಿ ನೌಬಾದಿನಲ್ಲಿ ಕೊರೆದ ಸುರಂಗ ಬಾವಿಯೂ ಈ ಗುಣವನ್ನೇ ನಂಬಿ ಕೊರೆದುದು. ಮಳೆ ಇಳಿಯುವ ತೂತಿನಲ್ಲಿ ಎಣ್ಣೆಯೂ ಇಳಿಯುತ್ತದೆ. ಕಲ್ಲು ಬೇಧ ಮಾಡುವುದಿಲ್ಲ. ಒಂದು ಮೋಟಾರಿನಿಂದ ಒಮ್ಮೆ ತೆಗೆದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಔರಾದ ಕಡೆಯ ಎರೆನೆಲದಲ್ಲಿ ಸುರಿದುದು ಇಷ್ಟು ಬೇಗ ಇಳಿಯಲಾರದು, ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಹೊಲವನ್ನು ನೋಡಿದವರು ಆ ಧೈರ್ಯವನ್ನೂ ಮಾಡಲಾರರು.

ಆದುದರಿಂದ ಗ್ಯಾರೇಜಿನಲ್ಲಿ ಆಗಬೇಕಾದ ಸಂಸ್ಕರಣ ಬಹಳ ಸರಳ. ಮುಚ್ಚಳವಿರುವ ಪೀಪಾಯಿ, ಸಿಮೆಂಟಿನ ನೆಲ, ಮೇಲೆ ಸೂರು, ಪಕ್ಕದಲ್ಲಿ ಒಂದು ಬಕೆಟು ಮರಳು. ಕೈಗೆ ರಬ್ಬರಿನ ಚೀಲ ಹಾಕಿಕೊಳ್ಳುವುದು ಲೇಸು. ಪೆಟ್ರೋಲ್ ಇಂಜಿನ್ನಿನ ಬಳಸಿದ ಎಣ್ಣೆ ಪ್ರಯೋಗದ ಇಲಿಗಳ ಚರ್ಮದ ಮೇಲೆ ಗಂಟುಗಳನ್ನು ಎಬ್ಬಿಸಿದ್ದು ದಾಖಲಾಗಿದೆ. ಬ್ರೇಕ್ ಆಯಿಲ್, ರೇಡಿಯೇಟರಿನ ನೀರು, ತೊಳೆದ ಸೀಮೆಎಣ್ಣೆ ಇವನ್ನು ಅದರಲ್ಲಿ ಬೆರೆಸಬಾರದು. ಬೆರೆತ ಎಣ್ಣೆಯನ್ನು ಮರಳಿ ಶುದ್ಧ ಮಾಡುವುದು ಕಾರ್ಖಾನೆಗೂ ಕಷ್ಟ. ೨೦೨೪ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನಿಯಮದಂತೆ ಕೀಲೆಣ್ಣೆ ತಯಾರಿಸಿ ಮಾರುವ ಕಂಪನಿಗಳೇ ಬಳಸಿದ ಎಣ್ಣೆಯ ಒಂದು ಪಾಲು ಮರುಸಂಸ್ಕರಣೆಗೆ ಹೋಗುವಂತೆ ನೋಡಿಕೊಳ್ಳಬೇಕು; ಅದನ್ನು ಸಂಗ್ರಹಿಸುವವರೂ ಶುದ್ಧಿ ಮಾಡುವವರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಪೀಪಾಯಿ ತುಂಬಿದಾಗ ಕೊಳ್ಳಲು ಬಂದವರ ಬಳಿ ಆ ನೋಂದಣಿಯ ಕಾಗದವಿದೆಯೇ ಎಂದು ಕೇಳಿ, ಕೊಟ್ಟ ಲೀಟರುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು.