ಮೂರು ಮನೆಯ ಮೂರು ಪುಸ್ತಕ: ಖರೀದಿ, ದಾಸ್ತಾನು, ಹಣದ ಲೆಕ್ಕ ಒಂದಾಗುವುದು ಹೇಗೆ?



ಈ ಸಲದ ಪಾಠದಲ್ಲಿ ಕಂಪ್ಯೂಟರಿನ ಮಾತು ಬರುತ್ತದೆ. "ಅಯ್ಯೋ ಸಿಸ್ಟರ್, ನಮಗ್ಯಾಕೆ ಅದು" ಅಂತ ಪುಟ ಮಡಚಬೇಡಿ. ಮೊದಲು ನಿಮ್ಮೂರಿನ ಹಾಲಿನ ಡೇರಿಗೆ ಹೋಗಿ ಬರೋಣ.

ಬೆಳಿಗ್ಗೆ ಕ್ಯಾನು ಹಿಡಿದು ಹೋಗುತ್ತೀರಿ. ಹಾಲು ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ. ಅದೇ ಡೇರಿಯಿಂದ ಪಶು ಆಹಾರದ ಮೂಟೆಯನ್ನೂ ತಂದಿರುತ್ತೀರಿ, ದುಡ್ಡು ಆಮೇಲೆ ಅಂತ. ಬಟವಾಡೆ ದಿನ ಏನಾಗುತ್ತದೆ? ಹಾಕಿದ ಹಾಲಿನ ಹಣದಲ್ಲಿ ಮೂಟೆಯ ಹಣ ಕಳೆದು ಉಳಿದದ್ದು ನಿಮಗೆ. ಇಲ್ಲಿ ಡೇರಿಯವರು ಖರೀದಿ ಮಾಡಿದ್ದು ಹಾಲು. ಅವರ ದಾಸ್ತಾನಿನಿಂದ ಹೊರಗೆ ಹೋದದ್ದು ಪಶು ಆಹಾರ. ಕೊನೆಗೆ ಕೊಟ್ಟದ್ದು ಹಣ. ಈ ಮೂರೂ ಒಂದೇ ಸಾಲಿನಲ್ಲಿ ಕೂತಿವೆ. ಯಾವುದಾದರೂ ಒಂದನ್ನು ಬರೆಯಲು ಮರೆತರೆ ಅವತ್ತೇ ಜಗಳ, ಅವತ್ತೇ ಇತ್ಯರ್ಥ. ಡೇರಿಯಲ್ಲಿ ಇಷ್ಟು ಚೊಕ್ಕವಾಗಿ ಲೆಕ್ಕ ಕೇಳುವ ನಾವು ನಮ್ಮದೇ ಸಂಘದ ಉತ್ಪಾದನಾ ಘಟಕದಲ್ಲಿ ಯಾಕೆ ಕೇಳುವುದಿಲ್ಲ?

ಒಂದು ಸಂಘದ ಸಂಗತಿ ಹೇಳುತ್ತೇನೆ. ದೊಡ್ಡಬಳ್ಳಾಪುರ ತಾಲೂಕಿನ ಒಂದು ಹಳ್ಳಿ, ಹೆಸರು ಬೇಡ. ಹದಿನೈದು ಜನ ಸದಸ್ಯೆಯರು, ಬ್ಯಾಂಕ್ ಸಾಲ ತೆಗೆದು ರಾಗಿ ಮಾಲ್ಟ್ ಮಾಡುತ್ತಿದ್ದರು. ರಾಗಿಗೆ ಫೋನ್ ಮಾಡಿ ತರಿಸುವುದು ಒಬ್ಬ ಪ್ರತಿನಿಧಿಯ ಕೆಲಸ, ಬಿಲ್ಲುಗಳು ಅವರ ಮನೆಯ ಡಬ್ಬದಲ್ಲಿ. ಮೂಟೆ ಇಳಿಸಿಕೊಳ್ಳುವುದು ರೂಮಿನ ಬೀಗದ ಕೈ ಇಟ್ಟುಕೊಂಡಿದ್ದ ಇನ್ನೊಬ್ಬ ಅಕ್ಕ. ಅವರಿಗೆ ಅಕ್ಷರ ಬಾರದು, ಗೋಡೆಯ ಮೇಲೆ ಇದ್ದಿಲಿನಲ್ಲಿ ಮೂಟೆಗೊಂದು ಗೆರೆ ಎಳೆಯುತ್ತಿದ್ದರು. ಹಣ ಕೊಡುವುದು, ನಗದು ಪುಸ್ತಕ ಬರೆಯುವುದು ಪಿಯುಸಿ ಓದಿದ ಒಬ್ಬ ಸೊಸೆ. ಹೀಗೆ ಮೂರು ಮನೆ, ಮೂರು ಲೆಕ್ಕ.

ಆರು ತಿಂಗಳಾದ ಮೇಲೆ ಸಭೆಯಲ್ಲಿ ಯಾರೋ ಬಾಯಿಲೆಕ್ಕ ಹಾಕಿದರು. ನಾಲ್ಕು ಸಲ ತಲಾ 12 ಮೂಟೆಯಂತೆ ಒಟ್ಟು 48 ಮೂಟೆ ರಾಗಿ ಕೊಂಡಿದ್ದೇವೆ. 50 ಕೆಜಿ ಮೂಟೆಗೆ ಕಸ, ಸಿಪ್ಪೆ ಎಲ್ಲ ಹೋಗಿ 42 ಕೆಜಿ ಹಿಟ್ಟು. ಅಂದರೆ 2,016 ಕೆಜಿ. ಕೆಜಿಗೆ 120 ರೂಪಾಯಿಯಂತೆ 2,41,920 ರೂ. ಬರಬೇಕಿತ್ತು. ಬಂದದ್ದು 2,26,800. ಕಡಿಮೆ ಬಿದ್ದದ್ದು 15,120 ರೂಪಾಯಿ. ಹಣ ಯಾರ ಕೈಯಲ್ಲಿತ್ತು? ಎಲ್ಲರೂ ಆ ಸೊಸೆಯ ಮುಖ ನೋಡಿದರು. ಒಬ್ಬರು ಬಾಯಿಬಿಟ್ಟೇ ಅಂದರು. ಅವಳು ಪುಸ್ತಕ ಇಟ್ಟು ಎದ್ದು ಹೋದಳು, ಮುಂದಿನ ಎಂಟು ಸಭೆಗೆ ಬರಲಿಲ್ಲ. ಮನೆಯಲ್ಲಿ ಅತ್ತೆ, ಗಂಡ ಏನೆಂದಿರಬಹುದು ಅಂತ ನಿಮಗೆ ಹೇಳಬೇಕಾಗಿಲ್ಲ.

ನನ್ನ ತಪ್ಪನ್ನೂ ಹೇಳಬೇಕು. ಆ ನಗದು ಪುಸ್ತಕವನ್ನು ನಾನೇ ಎರಡು ಸಲ ತಪಾಸಣೆ ಮಾಡಿ "ಸರಿಯಿದೆ" ಅಂತ ಸಹಿ ಹಾಕಿದ್ದೆ. ಸರಿಯೇ ಇತ್ತು, ಪೈಸೆಗೆ ಪೈಸೆ. ಆದರೆ ನಗದು ಪುಸ್ತಕಕ್ಕೆ ಗೊತ್ತಿರುವುದು ಹಣ ಮಾತ್ರ. ಹಣ ಕೊಟ್ಟಿದ್ದಕ್ಕೆ ಮಾಲು ಬಂತೋ ಇಲ್ಲವೋ ಅಂತ ಅದಕ್ಕೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.

ಒಂದು ಮಧ್ಯಾಹ್ನ ಡಬ್ಬದ ಬಿಲ್ಲು, ನಗದು ಪುಸ್ತಕ ಎರಡನ್ನೂ ತೆಗೆದುಕೊಂಡು ಆ ರೂಮಿನ ಗೋಡೆ ಮುಂದೆ ಕೂತೆವು. ಬಿಲ್ಲಿನಲ್ಲಿ 48. ಪುಸ್ತಕದಲ್ಲಿ 48 ಮೂಟೆಗೆ, ಕೆಜಿಗೆ 40ರಂತೆ 96,000 ರೂ. ಪಾವತಿ. ಗೋಡೆಯ ಮೇಲೆ ಗೆರೆ ಎಷ್ಟು? 45. ಮೂರು ಸಲ ಎಣಿಸಿದೆವು, 45ಏ. ಆಗ ಬೀಗದ ಕೈ ಅಕ್ಕನಿಗೆ ನೆನಪಾಯಿತು: "ಹೌದು ಸಿಸ್ಟರ್, ಹಬ್ಬದ ಹಿಂದಿನ ದಿನ ಒಂಬತ್ತೇ ಇಳಿಸಿದ್ದು. ಗಾಡಿ ತುಂಬೋಗೈತೆ, ಮಿಕ್ಕ ಮೂರು ಆಮೇಲೆ ತರ್ತೀನಿ ಅಂದ." ಆ ಮೂರು ಬರಲೇ ಇಲ್ಲ. ಬಿಲ್ಲು ಮಾತ್ರ 12ಕ್ಕೆ ಬಂದಿತ್ತು, ಬಿಲ್ಲು ನೋಡಿ ಹಣ ಕೊಟ್ಟಾಗಿತ್ತು. ಸಂಘ ಕಳೆದುಕೊಂಡದ್ದು ಮೂರು ಮೂಟೆಯ 6,000 ರೂಪಾಯಿ. 15,120 ಅನ್ನುವುದು ಆ ರಾಗಿ ಹಿಟ್ಟಾಗಿ ಮಾರಾಟವಾಗಿದ್ದರೆ ಬರುತ್ತಿದ್ದ ಹಣ. ಯಾರೂ ಕದ್ದಿರಲಿಲ್ಲ.

ಅಂಗಡಿಯವರ ಹತ್ತಿರ ಹೋದಾಗ ಎರಡು ಮೂಟೆಗೆ ಒಪ್ಪಿದರು. ಮೂರನೆಯದಕ್ಕೆ "ಆರು ತಿಂಗಳಾದ ಮೇಲೆ ಬಂದರೆ ನಾನೇನು ಮಾಡಲಿ, ಚೀಟಿ ಎಲ್ಲಿ" ಅಂದರು. ಚೀಟಿ ಇರಲಿಲ್ಲ. ಗೋಡೆಯ ಗೆರೆಯನ್ನು ಕಿತ್ತು ಅಂಗಡಿಗೆ ಒಯ್ಯಲು ಆಗುತ್ತದೆಯೇ? ಆ ಸೊಸೆ ಸಂಘಕ್ಕೆ ವಾಪಸ್ ಬಂದಳು, ಆದರೆ ಹಣದ ಪುಸ್ತಕ ಮುಟ್ಟಲಿಲ್ಲ. ಈಗ ದಾಸ್ತಾನು ಬರೆಯುತ್ತಾಳೆ.

ಇದೇ ಕಷ್ಟ ದೊಡ್ಡ ಕಂಪನಿಗಳಿಗೂ ಉಂಟು. ಅಲ್ಲಿ ಮೂರು ಮನೆಯ ಬದಲು ಮೂರು ವಿಭಾಗ: ಖರೀದಿ, ಸ್ಟೋರ್ಸ್, ಅಕೌಂಟ್ಸ್. ಒಬ್ಬರು ಆರ್ಡರ್ ಕೊಡುತ್ತಾರೆ, ಇನ್ನೊಬ್ಬರು ಇಳಿಸಿಕೊಳ್ಳುತ್ತಾರೆ, ಮತ್ತೊಬ್ಬರು ಹಣ ಕೊಡುತ್ತಾರೆ. ಇವರೆಲ್ಲ ಒಂದೇ ಲೆಕ್ಕ ನೋಡುವಂತೆ ಮಾಡುವ ಸಾಫ್ಟ್‌ವೇರಿಗೆ ಈಆರ್‌ಪಿ ಅನ್ನುತ್ತಾರೆ. ಸ್ಟೋರ್ಸಿನಲ್ಲಿ "9 ಮೂಟೆ ಬಂತು" ಅಂತ ಒಂದು ಸಲ ಬರೆದರೆ ಸಾಕು. ದಾಸ್ತಾನು 9 ಹೆಚ್ಚಾಗುತ್ತದೆ, ಆರ್ಡರಿನಲ್ಲಿ 3 ಬಾಕಿ ಅಂತ ತೋರಿಸುತ್ತದೆ, ಅಕೌಂಟ್ಸಿನವರಿಗೆ 9 ಮೂಟೆಯ ಹಣ ಕೊಡಬೇಕಾದದ್ದು ಅಂತ ಕಾಣುತ್ತದೆ. ಅಂಗಡಿಯವರು 12ಕ್ಕೆ ಬಿಲ್ಲು ಕಳಿಸಿದರೆ ಹೊಂದುವುದಿಲ್ಲ, ಪಾವತಿ ನಿಲ್ಲುತ್ತದೆ. ಆರ್ಡರ್, ಬಂದ ಮಾಲಿನ ಚೀಟಿ, ಬಿಲ್ಲು – ಈ ಮೂರನ್ನು ಹೊಂದಿಸಿ ನೋಡುವುದೇ ಇದರ ಗುಟ್ಟು.

ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಟ್ಯಾಲಿ ಅನ್ನುವ ಹೆಸರು ಕೇಳಿರುತ್ತೀರಿ, ನಿಮ್ಮ ಮಕ್ಕಳಲ್ಲಿ ಕೆಲವರು ಕಲಿತೂ ಇರಬಹುದು. ಶ್ಯಾಮ್ ಸುಂದರ್ ಗೋಯೆಂಕಾ ಅವರು ಕಾರ್ಖಾನೆಗಳಿಗೆ, ಬಟ್ಟೆ ಗಿರಣಿಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದವರು. ತಮ್ಮ ಲೆಕ್ಕಕ್ಕೆ ಸರಿಹೊಂದುವ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೇ ಮಾಡಿಕೊಡು ಅಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಅಂತ ಶುರುವಾದ ಕಂಪನಿ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಮೊದಲ ಸಾಫ್ಟ್‌ವೇರಿನಲ್ಲಿ ಇದ್ದದ್ದು ಹಣದ ಲೆಕ್ಕದ ಮೂಲ ಕೆಲಸಗಳು ಮಾತ್ರ. ದಾಸ್ತಾನು, ಆರ್ಡರ್ ಎಲ್ಲ ಆಮೇಲೆ ಸೇರುತ್ತಾ ಬಂದು 2009ರ ಹೊತ್ತಿಗೆ ಅದರ ಹೆಸರಿನಲ್ಲೇ ಈಆರ್‌ಪಿ ಸೇರಿತು. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು. ಅವರೂ ನಮ್ಮ ಹಾಗೆ ಹಣದ ಪುಸ್ತಕದಿಂದ ಹೊರಟವರೇ ನೋಡಿ.

ಟ್ಯಾಲಿಯಲ್ಲಿ ಒಂದು ಸಣ್ಣ ಪ್ರಶ್ನೆ ಬರುತ್ತದೆ: ಹಣದ ಲೆಕ್ಕವನ್ನೂ ದಾಸ್ತಾನನ್ನೂ ಜೋಡಿಸಬೇಕೇ, ಹೌದು ಅಥವಾ ಬೇಡ? ಬೇಡ ಅಂದರೆ ವರ್ಷದ ಕೊನೆಗೆ ಉಳಿದ ಮಾಲಿನ ಬೆಲೆಯನ್ನು ನಾವೇ ಕೈಯಾರೆ ಬರೆಯಬೇಕು. ಹೌದು ಅಂದರೆ ದಾಸ್ತಾನಿನ ಲೆಕ್ಕದಿಂದ ಅದು ತಾನೇ ಬರುತ್ತದೆ. ಇದು ಯಾಕೆ ಮುಖ್ಯ ಅಂತ ಲೆಕ್ಕ ಹಾಕಿಯೇ ನೋಡೋಣ, ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ತಿಂಗಳು 40,000 ರೂಪಾಯಿಯ ರಾಗಿ ತಂದಿರಿ. ಅದರಲ್ಲಿ 25,000 ರೂಪಾಯಿಯಷ್ಟು ರಾಗಿ ಬಳಸಿದಿರಿ. ಮಿಲ್ಲಿಗೆ, ಪ್ಯಾಕೆಟ್ಟಿಗೆ 5,000 ಖರ್ಚು. ಮಾಡಿದ ಹಿಟ್ಟೆಲ್ಲ ಮಾರಿ 38,000 ಬಂತು. ನಗದು ಪುಸ್ತಕ ನೋಡಿದರೆ ಹೋದದ್ದು 45,000, ಬಂದದ್ದು 38,000. "ಏಳು ಸಾವಿರ ಲಾಸು, ಈ ಘಟಕ ಮುಚ್ಚೋಣ" ಅನ್ನುತ್ತೀರಿ. ಆದರೆ ರೂಮಿನಲ್ಲಿ 15,000 ರೂಪಾಯಿಯ ರಾಗಿ ಕೂತಿದೆಯಲ್ಲ! ಅದು ಖರ್ಚಲ್ಲ, ಮೂಟೆಯ ರೂಪದಲ್ಲಿರುವ ನಿಮ್ಮ ಹಣ. ಬಳಸಿದ ರಾಗಿ 25,000, ಮೇಲಿನ ಖರ್ಚು 5,000, ಒಟ್ಟು 30,000 ಕಳೆದರೆ 8,000 ರೂ. ಲಾಭವೇ ಆಗಿದೆ. ಮುಂದಿನ ತಿಂಗಳು ಇದರ ಉಲ್ಟಾ. ಹಳೆ ರಾಗಿಯನ್ನೇ ಬಳಸಿ ಹೊಸದು ತರದೇ ಇದ್ದರೆ ಕೈಯಲ್ಲಿ ಹಣ ಜಾಸ್ತಿ ಕಾಣುತ್ತದೆ, ಲಾಭಾಂಶ ಹಂಚಿಬಿಡೋಣ ಅನ್ನಿಸುತ್ತದೆ. ಹಂಚಿದ ಮೇಲೆ ರಾಗಿ ತರಲು ಹಣ ಇರುವುದಿಲ್ಲ, ಬ್ಯಾಂಕಿನ ಕಂತು ತಪ್ಪುತ್ತದೆ. ಒಳ್ಳೆಯ ಘಟಕಗಳೂ ಹೀಗೆ ಲೆಕ್ಕ ತಪ್ಪಿ ಮುಚ್ಚುತ್ತವೆ.

ದಾಸ್ತಾನು ಹಣ ಅಂದೆ, ಆದರೆ ಅದು ಕೆಡುವ ಹಣ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ಹಾಕಿ ವರ್ಷಗಟ್ಟಲೆ ಇಟ್ಟರು, ಕಾಳು ತಡೆಯುತ್ತದೆ. ಹಿಟ್ಟು ತಡೆಯುವುದಿಲ್ಲ. ಹುಳು ಬಿದ್ದ ಹತ್ತು ಕೆಜಿ ಹಿಟ್ಟನ್ನು ದನಕ್ಕೆ ಹಾಕಿದರೆ ಅದನ್ನೂ ಪುಸ್ತಕದಲ್ಲಿ ಬರೆಯಿರಿ, ನಾಚಿಕೆ ಬೇಡ. ಬರೆಯದಿದ್ದರೆ ಪುಸ್ತಕದಲ್ಲಿ ಇಲ್ಲದ ಹಿಟ್ಟು ಇರುತ್ತದೆ, ಮತ್ತೆ ಯಾರದೋ ಮುಖ ನೋಡುವ ಪರಿಸ್ಥಿತಿ ಬರುತ್ತದೆ. ಮೊದಲು ಬಂದದ್ದು ಮೊದಲು ಹೋಗಬೇಕು ಅನ್ನುವುದು ಅಡಿಗೆ ಮನೆಯಲ್ಲಿ ನಿಮಗೆ ಗೊತ್ತಿರುವುದೇ.

ಸರಕಾರವೂ ಈ ದಾರಿಗೆ ಬಂದಿದೆ. ಗೊಬ್ಬರದ ಅಂಗಡಿಯಲ್ಲಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತೀರಲ್ಲ, ಯಾಕೆ? 2018ರಿಂದ ದೇಶದೆಲ್ಲೆಡೆ, ರೈತರಿಗೆ ಮಾರಾಟವಾದದ್ದು ಆ ಯಂತ್ರದಲ್ಲಿ ದಾಖಲಾದ ಮೇಲೆಯೇ ಗೊಬ್ಬರ ಕಂಪನಿಗೆ ಸಬ್ಸಿಡಿ. ಮೂಟೆ ಅಂಗಡಿಯಿಂದ ಹೊರಗೆ ಹೋಗದೆ ಹಣ ಹೊರಡುವುದಿಲ್ಲ. ಹಾಗೆಯೇ 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ಈಆರ್‌ಪಿ ಸಾಫ್ಟ್‌ವೇರಿಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಊರಿನ ಸೊಸೈಟಿ ಸಾಲವನ್ನೂ ಕೊಡುತ್ತದೆ, ಗೊಬ್ಬರ, ಬೀಜವನ್ನೂ ಮಾರುತ್ತದೆ. ಈ ಲೆಕ್ಕಗಳು ಬೇರೆ ಬೇರೆ ಪುಸ್ತಕದಲ್ಲಿದ್ದರೆ ಒಂದರ ತೂತು ಇನ್ನೊಂದರಲ್ಲಿ ಕಾಣುವುದಿಲ್ಲ. ನಮ್ಮ ರಾಜ್ಯಕ್ಕೆ ಸೊಸೈಟಿಯೇನು ಹೊಸತಲ್ಲ, ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು.

ಹಾಗಾದರೆ ಸಂಘಕ್ಕೆ ಸಾಫ್ಟ್‌ವೇರ್ ಕೊಳ್ಳಬೇಕೇ? ಹದಿನೈದು ಜನರ ಸಂಘಕ್ಕೆ ಬೇಡ, ನನ್ನ ಅಭಿಪ್ರಾಯ ಇದು. ಒಕ್ಕೂಟ ಮಟ್ಟದಲ್ಲಿ ಹತ್ತಾರು ಸಂಘದ ಮಾಲು ಸೇರಿಸಿ ಮಾರುವವರು ಯೋಚಿಸಲಿ. ಕಂಪ್ಯೂಟರಿಗೆ ಕಣ್ಣಿಲ್ಲ. 9 ಮೂಟೆ ಇಳಿಸಿ 12 ಅಂತ ಒತ್ತಿದರೆ 12ನ್ನೇ ತಪ್ಪಿಲ್ಲದೆ ಕೂಡಿ ಕೊಡುತ್ತದೆ. ಒಂದು ಕಡೆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೇ ಅಂಟಿಸಿದ್ದನ್ನು ನೋಡಿದ್ದೇನೆ. ಬೀಗ ಹಾಕಿ ಬೀಗದ ಕೈ ಬಾಗಿಲಿಗೇ ನೇತು ಹಾಕಿದ ಹಾಗೆ.

ನಿಮಗೆ ಬೇಕಾದದ್ದು ಒಂದು ನಂಬರು. ಸಭೆಯಲ್ಲಿ "12 ಮೂಟೆ ರಾಗಿ, ಕೆಜಿಗೆ ಇಷ್ಟು ದರ" ಅಂತ ತೀರ್ಮಾನವಾದ ಕೂಡಲೇ ನಿರ್ಣಯ ಪುಸ್ತಕದಲ್ಲಿ ಅದಕ್ಕೆ ಖರೀದಿ ನಂಬರ್ 1 ಅಂತ ಕೊಡಿ. ಮಾಲು ಬಂದಾಗ ಇಳಿಸಿಕೊಂಡವರು ದಾಸ್ತಾನು ಪುಸ್ತಕದಲ್ಲಿ ಅದೇ ನಂಬರ್ 1ರ ಕೆಳಗೆ ಬಂದ ಮೂಟೆ, ತೂಕ, ತಾರೀಕು ಬರೆದು, ಒಂದು ಚೀಟಿಯ ಮೇಲೆ ಗಾಡಿಯವರ ಸಹಿ ತೆಗೆದುಕೊಳ್ಳಬೇಕು. ಮೂಟೆಯ ಮೇಲೆ 50 ಅಂತ ಅಚ್ಚಾಗಿದ್ದರೂ ತಕ್ಕಡಿಗೆ ಹಾಕಿ. ಅಕ್ಷರ ಬಾರದ ಅಕ್ಕಂದಿರು ಚೀಟಿಯ ಮೇಲೆಯೇ ಗೆರೆ ಎಳೆಯಲಿ, ಗೋಡೆ ಬೇಡ. ಬಿಲ್ಲು ಬಂದರೆ ಅದರ ಮೂಲೆಯಲ್ಲೂ 1 ಬರೆಯಿರಿ. ಹಣ ಕೊಡುವವರು ನಿರ್ಣಯ, ಚೀಟಿ, ಬಿಲ್ಲು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹೊಂದಿದರೆ ಮಾತ್ರ ಪಾವತಿ, ನಗದು ಪುಸ್ತಕದಲ್ಲೂ ಅದೇ 1. ಹೊಂದದಿದ್ದರೆ ಬಂದಷ್ಟಕ್ಕೆ ಕೊಡಿ, ಉಳಿದದ್ದು ಬಾಕಿ ಅಂತ ಬರೆಯಿರಿ.

ಆರ್ಡರ್ ಕೊಡುವವರು, ಇಳಿಸಿಕೊಳ್ಳುವವರು, ಹಣ ಕೊಡುವವರು ಬೇರೆ ಬೇರೆಯವರೇ ಇರಲಿ. "ನಮ್ಮವರ ಮೇಲೆ ನಂಬಿಕೆ ಇಲ್ಲವಾ ಸಿಸ್ಟರ್" ಅಂತ ಕೇಳುತ್ತೀರಿ. ಆ ಸೊಸೆಯ ಹತ್ತಿರ ಒಂದು ಚೀಟಿ ಇದ್ದಿದ್ದರೆ ಅವಳು ಎಂಟು ಸಭೆ ಮನೆಯಲ್ಲಿ ಅಳುತ್ತಾ ಕೂರಬೇಕಿರಲಿಲ್ಲ. ಚೀಟಿ ಬೇಕಾಗಿರುವುದು ಕಳ್ಳರನ್ನು ಹಿಡಿಯಲು ಮಾತ್ರವಲ್ಲ.

ತಿಂಗಳಿಗೊಂದು ದಿನ ಇಬ್ಬರು ಸದಸ್ಯೆಯರು ರೂಮಿಗೆ ಹೋಗಿ ಮೂಟೆ, ಪ್ಯಾಕೆಟ್ ಎಣಿಸಿ ಬರಬೇಕು. ಪ್ರತಿ ತಿಂಗಳು ಬೇರೆ ಇಬ್ಬರು. ಎಣಿಸುವಾಗ ಪುಸ್ತಕ ಕೈಯಲ್ಲಿರಬಾರದು. ಇದ್ದರೆ ಅದರಲ್ಲಿರುವ ಸಂಖ್ಯೆಯೇ ಬಾಯಿಗೆ ಬರುತ್ತದೆ.

ಸಭೆಯಲ್ಲಿ ಚರ್ಚಿಸಲು:

ನಿಮ್ಮ ಸಂಘ ಕಳೆದ ತಿಂಗಳು ಪಾವತಿ ಮಾಡಿದ ಒಂದು ಬಿಲ್ಲು ತೆಗೆಯಿರಿ. ಆ ಮಾಲು ಎಷ್ಟು ಬಂತು ಅಂತ ಬರೆದ ಕಾಗದ ಎಲ್ಲಿದೆ, ಯಾರ ಸಹಿ ಇದೆ?

ಇವತ್ತು ರೂಮಿನಲ್ಲಿರುವ ಮಾಲಿನ ಬೆಲೆ ಎಷ್ಟು? ಆ ಮೊತ್ತ ಬಿಟ್ಟು ಲೆಕ್ಕ ಹಾಕಿದರೆ ಲಾಭವೋ ನಷ್ಟವೋ, ಸೇರಿಸಿ ಹಾಕಿದರೆ ಏನು?

ಪುಸ್ತಕ ಬರೆಯುವವರನ್ನು ಎಂದಾದರೂ ಪುರಾವೆ ಇಲ್ಲದೆ ಅನುಮಾನಿಸಿದ್ದೇವೆಯೇ? ಅವರು ಈಗ ಸಂಘದಲ್ಲಿದ್ದಾರೆಯೇ?