ಸೊನ್ನೆಗೆ ಬಾರದ ಮುಳ್ಳು

ಪೆಟ್ರೋಲ್ ಹಾಕಿಸಲು ಪೋಳೆಂಗೆ ಹೋಗುವುದು ಕಾರವಾರದವರಿಗೆ ಹೊಸದೇನಲ್ಲ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ಗೋವಾ. ಲೀಟರಿಗೆ ಆರೇಳು ರೂಪಾಯಿ ಉಳಿಯುತ್ತದೆ. ಕಳೆದ ವರ್ಷ ನಾನೂ ನಾಲ್ಕು ತಿಂಗಳು ಹಾಗೆಯೇ ಹೋದೆ. 35 ಲೀಟರ್ ತುಂಬಿಸಿದರೆ 230 ರೂಪಾಯಿ ಉಳಿತಾಯ ಅಂತ ಡೈರಿಯಲ್ಲಿ ಬರೆದಿಟ್ಟೆ. ಹೋಗಿ ಬರಲು ಸುಮಾರು 30 ಕಿಲೋಮೀಟರ್. ಕಾರು ಆಗ ಲೀಟರಿಗೆ ಕೊಡುತ್ತಿದ್ದುದು ಬರೀ ಎಂಟು. ಅಂದರೆ 230 ರೂಪಾಯಿ ಉಳಿಸಲು ಹೆಚ್ಚುಕಡಿಮೆ 370 ರೂಪಾಯಿಯ ಪೆಟ್ರೋಲ್ ಸುಡುತ್ತಿದ್ದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಸಾಲದ ಲೆಕ್ಕ ನೋಡಿದವನ ಕಥೆ ಇದು.

ಕಾರು 2001ರ ಹೋಂಡಾ ಸಿಟಿ ವಿಟೆಕ್. 1.5 ಲೀಟರ್ ಎಂಜಿನ್ನಿನಿಂದ 106 ಕುದುರೆ ಶಕ್ತಿ ತೆಗೆಯುತ್ತಿದ್ದ ಈ ಗಾಡಿಯ ಹೆಸರು ಕೇಳಿದರೆ ನನ್ನ ವಯಸ್ಸಿನವರಲ್ಲಿ ಈಗಲೂ ಕೆಲವರ ಕಣ್ಣು ಅರಳುತ್ತದೆ. ನಿವೃತ್ತಿಯ ದುಡ್ಡಿನಲ್ಲಿ ಹುಬ್ಬಳ್ಳಿಯಿಂದ ತಂದೆ. ಹಿಂದಿನ ಮಾಲೀಕ ಕಾರ್‌ಪ್ರಿಯ. ಬಾನೆಟ್ ಎತ್ತಿದರೆ ನೀಲಿ ಬಣ್ಣದ, ಫಳಫಳ ಹೊಳೆಯುವ ಅಲ್ಯೂಮಿನಿಯಂ ಫ್ಯೂಯೆಲ್ ಪ್ರೆಶರ್ ರೆಗ್ಯುಲೇಟರ್. ತಲೆಯ ಮೇಲೊಂದು ಸ್ಕ್ರೂ, ಮುಂದೊಂದು ಪುಟ್ಟ ಗೇಜ್. ಕಂಪನಿಯದ್ದನ್ನು ತೆಗೆದು ಹೊರಗಿನಿಂದ ತರಿಸಿ ಕೂರಿಸಿದ್ದು. ನಿಜ ಹೇಳಬೇಕೆಂದರೆ ನಾನು ಮರುಳಾಗಿದ್ದೇ ಅದಕ್ಕೆ.

ಮಳೆಗಾಲ ಮುಗಿಯುವ ಹೊತ್ತಿಗೆ ತೊಂದರೆ ಶುರುವಾಯಿತು. ಕಾರು ನಿಂತಲ್ಲೇ ಪೆಟ್ರೋಲ್ ವಾಸನೆ, ಸೈಲೆನ್ಸರಿನಿಂದ ಕಪ್ಪು ಹೊಗೆ. ಲೀಟರಿಗೆ 12 ಕೊಡುತ್ತಿದ್ದದ್ದು ಎಂಟಕ್ಕೆ ಇಳಿಯಿತು. ವಿಚಿತ್ರವೆಂದರೆ, ಇಷ್ಟು ಪೆಟ್ರೋಲ್ ಕುಡಿದೂ ಅರಬೈಲ್ ಘಟ್ಟದಲ್ಲಿ ಕಾಲು ಒತ್ತಿದರೆ ಎಳೆತವೇ ಇಲ್ಲ. ಒಂದು ದಿನ ಅಂಕೋಲೆಯಿಂದ ವಾಪಸ್ ಬರುವಾಗ ಹಟ್ಟಿಕೇರಿಯಲ್ಲಿ ಚಹಾಕ್ಕೆಂದು ನಿಲ್ಲಿಸಿದವನು ಮತ್ತೆ ಸ್ಟಾರ್ಟ್ ಮಾಡಲಾಗದೆ ಟೋ ಮಾಡಿಸಿಕೊಂಡು ಮನೆ ಸೇರಿದೆ.

ಮೊದಲು ಹೋದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಗೇಜ್ ನೋಡಿದರು. ‘ಮೂರು ಬಾರ್ ಇದೆ, ಪ್ರೆಶರ್ ಸರಿ ಉಂಟು’ ಅಂದರು. ಪ್ರೆಶರ್ ಸರಿಯಿದ್ದ ಮೇಲೆ ವಾಸನೆ ಬರುವುದು ಇಂಜೆಕ್ಟರಿನಿಂದಲೇ ಇರಬೇಕೆಂದು ಕ್ಲೀನಿಂಗ್ ಆಯಿತು, 2,400. ಹೊಗೆ ನಿಲ್ಲಲಿಲ್ಲ, ಆಕ್ಸಿಜನ್ ಸೆನ್ಸರ್, 5,200. ಪ್ಲಗ್ಗುಗಳು ಮಸಿ ಹಿಡಿದಿವೆ, 1,600. ಘಟ್ಟದಲ್ಲಿ ಎಳೆಯುವುದಿಲ್ಲ ಎಂದಾಗ ಟ್ಯಾಂಕಿನೊಳಗಿನ ಪಂಪ್, 6,800. ಮೂರು ಸಲದ ಲೇಬರ್ 4,500, ಟೋ ಮಾಡಿಸಿದ್ದಕ್ಕೆ 2,500. ಒಟ್ಟು 23,000. ಪ್ರತಿ ಬಿಲ್ಲಿನಲ್ಲೂ ಒಂದು ಸಾಮಾನಿನ ಹೆಸರಿತ್ತು. ‘ಪರೀಕ್ಷೆ ಮಾಡಿದ್ದಕ್ಕೆ’ ಎಂಬ ಸಾಲು ಒಂದರಲ್ಲೂ ಇರಲಿಲ್ಲ. ಇದ್ದಿದ್ದರೆ ನಾನೇ ತಕರಾರು ತೆಗೆಯುತ್ತಿದ್ದೆ ಎನ್ನುವುದೂ ನಿಜವೇ. ಕೈಗೆ ಡಬ್ಬಿ ಬಂದರೆ ಮಾತ್ರ ದುಡ್ಡು ಕೊಟ್ಟು ರೂಢಿ ನಮಗೆ.

ಇವುಗಳಲ್ಲಿ ಒಂದಕ್ಕೂ ವಿಮೆ ಬರುವುದಿಲ್ಲ. ಅಪಘಾತಕ್ಕಲ್ಲದೆ ಸವಕಳಿಗೆ, ಮೆಕ್ಯಾನಿಕಲ್ ಬ್ರೇಕ್‌ಡೌನ್‌ಗೆ ಸಾಮಾನ್ಯ ಮೋಟಾರ್ ಪಾಲಿಸಿ ದುಡ್ಡು ಕೊಡುವುದಿಲ್ಲ ಎಂಬ ಷರತ್ತನ್ನು ಎಷ್ಟು ಜನರಿಗೆ ಓದಿ ಹೇಳಿದ್ದೇನೋ!

ಕೊನೆಗೆ ಹೋದದ್ದು ಅಂಕೋಲೆಯ ಬಾಳೆಗುಳಿ ಕ್ರಾಸಿಗೆ. ಅಲ್ಲೊಬ್ಬ ಲಾರಿ ಮಿಸ್ತ್ರಿ. ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲದಲ್ಲಿ ಅವರ ಗ್ಯಾರೇಜಿಗೆ ರಾತ್ರಿಯೂ ಬಾಗಿಲು ಇರಲಿಲ್ಲ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗ ಸಾಲದ ಲಾರಿಗಳು ಅಂಗಳದಲ್ಲೇ ತುಕ್ಕು ಹಿಡಿದವು. ಅಂಥ ಹಲವು ಸಾಲಗಳ ಫೈಲು ನನ್ನ ಮೇಜಿನ ಮೇಲೂ ಇತ್ತು, ಹಾಗಾಗಿ ಪರಿಚಯ.

‘ಗಾಡಿ ಎಷ್ಟು ಹೊತ್ತಿಂದ ಬಂದ್ ಇದೆ ಸಾಹೇಬ್ರೆ?’ ಎಂದು ಕೇಳಿದರು. ರಾತ್ರಿಯಿಂದ ಅವರಲ್ಲೇ ನಿಂತಿತ್ತು. ಪಂಪಿನ ರಿಲೇ ತೆಗೆದು ಎರಡು ಸಲ ಕ್ರ್ಯಾಂಕ್ ಮಾಡಿ, ಲೈನಿನಲ್ಲಿ ಉಳಿದಿದ್ದ ಒತ್ತಡವನ್ನೂ ಇಳಿಸಿದರು. ಆಮೇಲೆ ಟಾರ್ಚ್ ಹಿಡಿದು ನೀಲಿ ರೆಗ್ಯುಲೇಟರಿನ ಗೇಜ್ ತೋರಿಸಿದರು.

‘ಈಗ ಮುಳ್ಳು ಎಲ್ಲಿರ್ಬೇಕು?’

ಸೊನ್ನೆಯಲ್ಲಿರಬೇಕು. ಇದ್ದದ್ದು ಅರ್ಧ ಬಾರ್ ಮೇಲೆ. ಗಾಜಿನೊಳಗಿನ ಎಣ್ಣೆ ಕಾಲುಭಾಗ ಖಾಲಿಯಾಗಿ ಹಳದಿಗೆ ತಿರುಗಿತ್ತು. ಕಾದ ಎಂಜಿನ್ನಿನ ಪಕ್ಕ ವರ್ಷಗಟ್ಟಲೆ ಕೂತ ಅಗ್ಗದ ಗೇಜ್ ಸುಳ್ಳು ಹೇಳುತ್ತಿತ್ತು. ಮೂರು ಎಂದು ತೋರಿಸಿದಾಗ ನಿಜವಾಗಿ ಇದ್ದದ್ದು ಎರಡೂವರೆ. ನಾಲ್ಕು ತಿಂಗಳಲ್ಲಿ ಅದನ್ನು ನೋಡಿದವರೆಲ್ಲ, ನನ್ನನ್ನೂ ಸೇರಿಸಿ, ಎಂಜಿನ್ ಓಡುವಾಗಲೇ ನೋಡಿದ್ದೆವು.

ಆಮೇಲೆ ತಮ್ಮ ಗೇಜ್ ಜೋಡಿಸಿ ಎಂಜಿನ್ ಚಾಲೂ ಮಾಡಿದರು. ರೆಗ್ಯುಲೇಟರಿನಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಪೆನ್ಸಿಲ್ ದಪ್ಪದ ರಬ್ಬರ್ ನಳಿಗೆ ಇರುತ್ತದೆ. ಅದನ್ನು ಎಳೆದರೆ ಪ್ರೆಶರ್ ಸುಮಾರು ಅರ್ಧ ಬಾರ್ ಏರಬೇಕು, ಏರಿತು. ಆದರೆ ಎಳೆದ ನಳಿಗೆಯ ತುದಿಯಿಂದ ಒಂದು ಹನಿ ಅವರ ಬೆರಳಿನ ಮೇಲೆ ಬಿತ್ತು. ಮೂಸಿ ನೋಡಿ ನನ್ನ ಮೂಗಿಗೂ ಹಿಡಿದರು. ಗಾಳಿ ಮಾತ್ರ ಇರಬೇಕಾದ ಜಾಗದಲ್ಲಿ ಪೆಟ್ರೋಲ್! ರೆಗ್ಯುಲೇಟರಿನೊಳಗಿನ ರಬ್ಬರ್ ಪರದೆ, ಡಯಾಫ್ರಾಂ, ಹರಿದಿತ್ತು. ಪೆಟ್ರೋಲ್ ಇಂಜೆಕ್ಟರಿಗೆ ಕಾಯದೆ ಹಿತ್ತಲ ಬಾಗಿಲಿನಿಂದ ಎಂಜಿನ್ನಿಗೆ ಇಳಿಯುತ್ತಿತ್ತು. ವಾಸನೆ, ಹೊಗೆ, ಹಟ್ಟಿಕೇರಿಯಲ್ಲಿ ಬಿಸಿ ಎಂಜಿನ್ ಸ್ಟಾರ್ಟ್ ಆಗದ್ದು, ಮೂರಕ್ಕೂ ಅದೇ ಕಾರಣ. ಪಂಪಿನ ಬಗ್ಗೆ ಕೇಳಿದೆ. ಹೆಚ್ಚಾದ ಪೆಟ್ರೋಲನ್ನು ರೆಗ್ಯುಲೇಟರಿನಿಂದ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಒಂದು ಕ್ಷಣ ಹಿಚುಕಿದರು; ಮುಳ್ಳು ಐದು ದಾಟಿ ಹಾರಿತು. ‘ಇದು ಹೊಸ ಪಂಪು. ಹಳೇದು ಎಲ್ಲಿ?’ ಡಿಕ್ಕಿಯಲ್ಲೇ ಇತ್ತು. ಅದನ್ನು ಮತ್ತೆ ಹಾಕಿ ನೋಡಿದರೆ ಅದೂ ಐದು ದಾಟಿಸಿತು.

‘ತೋಟದ ಪಂಪ್ ನೀರು ಎತ್ತೂದಿಲ್ಲ ಅಂತ ಪಂಪ್ ಬದಲಿಸ್ತ್ರಿ, ಬೈಪಾಸ್ ವಾಲ್ವ್ ಬಿಟ್ಟೇ ಇದ್ರೆ ಎಂತ ಮಾಡೂದು?’ ಅಂದರು.

ಆದದ್ದು ಹೀಗೆ. ಸುಳ್ಳು ಗೇಜ್ ನಂಬಿ ಹಿಂದಿನವರು ಯಾರೋ ಮೂರಕ್ಕೆ ಕೂರಿಸಿದ್ದು ವಾಸ್ತವದಲ್ಲಿ ಎರಡೂವರೆ. ಇಂಜೆಕ್ಟರಿನಿಂದ ಹೋಗುವ ಪೆಟ್ರೋಲ್ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುವುದರಿಂದ, ಅಷ್ಟಕ್ಕೇ ಶೇ 9ರಷ್ಟು ಕಡಿಮೆ. ನಿಧಾನಕ್ಕೆ ಹೋಗುವಾಗ ಆಕ್ಸಿಜನ್ ಸೆನ್ಸರ್ ಮಾತು ಕೇಳಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಅದನ್ನು ಸರಿದೂಗಿಸುತ್ತದೆ. ಘಟ್ಟದಲ್ಲಿ ಪೂರ್ತಿ ಒತ್ತಿದಾಗ ಆ ಮಾತು ನಡೆಯುವುದಿಲ್ಲ. ಅಲ್ಲಿ ಕೊರತೆ, ನಿಂತಲ್ಲಿ ಸೋರಿಕೆ. ಕಾರು ಒಂದೇ ಹೊತ್ತಿಗೆ ಹಸಿದೂ ಇತ್ತು, ಅಜೀರ್ಣದಿಂದಲೂ ನರಳುತ್ತಿತ್ತು.

ಆ ನೀಲಿ ರೆಗ್ಯುಲೇಟರ್ ನನ್ನ ಕಾರಿಗೆ ಬೇಕಾಗಿಯೇ ಇರಲಿಲ್ಲ. ಟರ್ಬೊ ಕೂರಿಸಿದವರಿಗೆ, ದೊಡ್ಡ ಇಂಜೆಕ್ಟರ್ ಹಾಕಿ ಇಸಿಯುವನ್ನು ಹೊಸದಾಗಿ ಟ್ಯೂನ್ ಮಾಡಿಸಿದವರಿಗೆ ಅದು ಬೇಕು. ಉಳಿದಂತೆ ಇದ್ದ ಎಂಜಿನ್ನಿಗೆ ಸ್ಕ್ರೂ ತಿರುಗಿಸಿ ಪ್ರೆಶರ್ ಏರಿಸಿದರೆ ಪಿಕಪ್ ಬರುತ್ತದೆ ಎನ್ನುವುದು ಬಹುಮಟ್ಟಿಗೆ ಭ್ರಮೆ. ಶೇ 20ರಷ್ಟು ಹೆಚ್ಚು ಪೆಟ್ರೋಲ್ ಕಳಿಸಲು ಒತ್ತಡವನ್ನು ಶೇ 44ರಷ್ಟು ಏರಿಸಬೇಕು. ಇನ್ನೂ ಹಾಕಲೇಬೇಕೆನ್ನುವವರು ಡಯಾಫ್ರಾಂ ಎಥನಾಲ್ ತಾಳುತ್ತದೆಯೇ ಎಂದು ಮೊದಲು ಕೇಳಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಒಗ್ಗದ ರಬ್ಬರು ಉಬ್ಬುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ.

ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಿಂದ ಕಂಪನಿಯದೇ ರೆಗ್ಯುಲೇಟರ್ ಬಸ್ ಪಾರ್ಸೆಲ್‌ನಲ್ಲಿ ಬಂತು, 1,400. ಮಿಸ್ತ್ರಿ ಕೇಳಿದ್ದು 300. ನಾನು 500 ಕೊಟ್ಟೆ, ನಾಚಿಕೆಯಿಂದ.

ಕಾರವಾರಕ್ಕೆ ವಾಪಸಾಗುವಾಗ ಬಿಣಗಾ ಸುರಂಗ ದಾಟುವಷ್ಟರಲ್ಲಿ ಇನ್ನೊಂದು ಲೆಕ್ಕ ತಲೆಗೆ ಬಂತು. ತಿಂಗಳಿಗೆ 800 ಕಿಲೋಮೀಟರ್ ಓಡಿಸುತ್ತೇನೆ. 12ರಂತೆ ಬೇಕಾದದ್ದು 67 ಲೀಟರ್, ಸುಟ್ಟದ್ದು 100. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ 3,300, ನಾಲ್ಕು ತಿಂಗಳಿಗೆ 13,200. ಇದಕ್ಕೆ ಬಿಲ್ಲೇ ಇಲ್ಲ. ಹಾಗೆ ನೋಡಿದರೆ ನಷ್ಟ 36,200. ಇನ್ನು ಆರ್‌ಸಿ ನವೀಕರಣ ಬಾಕಿ, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ ಅದರ ಶುಲ್ಕ 5,000 ಅಲ್ಲ, 10,000. ಮನೆಯಲ್ಲಿ ಈ ಅಂಕಿಗಳನ್ನು ಇನ್ನೂ ಪೂರ್ತಿ ಹೇಳಿಲ್ಲ.

ಮೊನ್ನೆ ಕೋಡಿಬಾಗದ ಹುಡುಗನೊಬ್ಬ ಬಂದು ನೀಲಿ ರೆಗ್ಯುಲೇಟರಿಗೆ 3,000 ಕೊಡುತ್ತೇನೆಂದ. ಡಯಾಫ್ರಾಂ ಹರಿದಿದೆ, ಗೇಜ್ ಸುಳ್ಳು ಎಂದೆ. ‘ಇರ್ಲಿ ಅಂಕಲ್, ಬಾನೆಟ್ ಎತ್ತಿದ್ರೆ ಚಂದ ಕಾಣ್ತದೆ’ ಅಂದ. ಕೊಡಲಿಲ್ಲ. ಆನ್‌ಲೈನಿನಲ್ಲಿ 5,500ಕ್ಕೆ ಹೊಸದು ತರಿಸಿಕೊಂಡನಂತೆ, ಕೆಂಪು ಬಣ್ಣದ್ದು.