ತೂಕ ಕೇಳಿದವರೇ ಎಲ್ಲ

ಅಂಗುಳ ಸೀಳಿರುವ ಮಗುವಿಗೆ ಮೊಲೆ ಚೀಪಲು ಆಗುವುದಿಲ್ಲ. ಬಾಯಿಗೂ ಮೂಗಿಗೂ ನಡುವೆ ತೆರೆದಿರುವುದರಿಂದ ಎಳೆತವೇ ಹುಟ್ಟುವುದಿಲ್ಲ. ತಾಯಿಯ ಎದೆಯಲ್ಲಿ ಹಾಲಿದ್ದರೂ ಅಷ್ಟೇ, ಅವಳು ಎಷ್ಟು ಜಾಣೆಯಾದರೂ ಅಷ್ಟೇ. ಇಷ್ಟನ್ನು ನಮ್ಮ ಅಜ್ಜಾವರದ ಮನೆಯಲ್ಲಿ ಮೊದಲೇ ಯಾರಾದರೂ ಹೇಳಿದ್ದರೆ ನಾನಿದನ್ನು ಬರೆಯಬೇಕಾಗಿರಲಿಲ್ಲ.

ತುಟಿ, ಅಂಗುಳ ಎರಡೂ ಸೀಳಿ ನನ್ನ ಮಗ ಹುಟ್ಟಿದಾಗ ಹೇಳಿದ್ದು ಬೇರೆ. ಅತ್ತೆಯ ಅಕ್ಕ, ನಮ್ಮ ದೊಡ್ಡತ್ತೆ, ಬಾಳಂತಿ ಕೋಣೆಯ ಬಾಗಿಲಲ್ಲೇ ನಿಂತು, "ಗ್ರಹಣದ ದಿನ ಎಂತ ಕತ್ತರಿಸಿದ್ದೆ ನೀನು?" ಎಂದರು. ಲೋಕದಲ್ಲಿ ಸುಮಾರು 700 ಹೆರಿಗೆಗೆ ಒಂದು ಮಗು ತುಟಿಯೋ ಅಂಗುಳವೋ ಸೀಳಿ ಹುಟ್ಟುತ್ತದೆ. ಅಷ್ಟು ಗ್ರಹಣ ಎಲ್ಲಿಂದ ಬರಬೇಕು? ತುಟಿ ಕೂಡಿಕೊಳ್ಳುವುದು ಬಸಿರಿನ ಆರೇಳನೆಯ ವಾರದೊಳಗೆ. ಇದನ್ನು ಹೇಳಿದ್ದಕ್ಕೆ, "ಓದಿದವಳಲ್ವಾ" ಎಂದು ಒಳಗೆ ಹೋದರು.

ಡಾಕ್ಟರರೂ ಕಡಿಮೆಯಿಲ್ಲ. ತುಟಿಯ ಆಪರೇಷನ್ನಿಗೆ ಹತ್ತು ವಾರ ತುಂಬಬೇಕು, ಹತ್ತು ಪೌಂಡು ಅಂದರೆ ನಾಲ್ಕೂವರೆ ಕೆ.ಜಿ. ಆಗಬೇಕು, ಹಿಮೋಗ್ಲೋಬಿನ್ ಹತ್ತು ಇರಬೇಕು ಎಂದರು. ಸರಿ, ತೂಕ ಏರಿಸುವುದು ಹೇಗೆ? "ಪ್ರಯತ್ನ ಮಾಡಿಯಮ್ಮ." ಮುಂದಿನ ಚೀಟಿ ಕರೆದರು.

ಆಟಿಯ ಮಳೆ, ಕರೆಂಟಿಲ್ಲ. ಹಿಂಡಿದ ಹಾಲನ್ನು ಹಳೆಯ ಬೆಳ್ಳಿ ಒಳಲೆಯಲ್ಲಿ ಕುಡಿಸುತ್ತಿದ್ದೆ. ಒಂದು ಗುಟುಕು ಕುಡಿದರೆ ಎರಡು ಗುಟುಕು ಮೂಗಿನಿಂದ ಬರುತ್ತಿತ್ತು. ಒಮ್ಮೆಲೇ ಮಗನ ಅಳು ನಿಂತಿತು. ಟಾರ್ಚ್ ಹಿಡಿದರೆ ತುಟಿ ನೀಲಿ. ಮುಂಗೈ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದೆ, ಮತ್ತೆ ತಟ್ಟಿದೆ; ಹಾಲು, ಲೋಳೆ ಎಲ್ಲ ನನ್ನ ಮೊಣಕೈವರೆಗೆ ಇಳಿದ ಮೇಲೆ ಕಿರುಚಿದ. ಬಾಗಿಲಿನಿಂದ ಮಾತು ಬಂತು: "ಒಂದು ಮಗುವಿಗೆ ಹಾಲು ಕುಡಿಸ್ಲಿಕ್ಕೆ ಗೊತ್ತಿಲ್ವಾ ಮಾರಾಯ್ತಿ?" ನಾನು ಅಳಲಿಲ್ಲ. ಆದರೆ ಆಮೇಲೆ ಎಷ್ಟೋ ದಿನ ಬಾವಿಕಟ್ಟೆಯ ಹತ್ತಿರ ಒಬ್ಬಳೇ ಹೋಗಲು ನನಗೇ ನನ್ನ ಮೇಲೆ ಧೈರ್ಯವಿರಲಿಲ್ಲ.

ಕೊನೆಗೆ ದೇರಳಕಟ್ಟೆ ಆಸ್ಪತ್ರೆಯ ನರ್ಸ್ ಒಬ್ಬರು ಕುಡಿಸುವ ಕ್ರಮ ಕಲಿಸಿದರು. ಮಗುವನ್ನು ಅರ್ಧ ಕೂರಿಸಿದ ಹಾಗೆ ಹಿಡಿಯಬೇಕು. ಹಾಲನ್ನು ಕೆನ್ನೆಯ ಒಳಬದಿಗೆ ತೊಟ್ಟು ತೊಟ್ಟಾಗಿ ಬಿಡಬೇಕು. ನುಂಗಿದ ಮೇಲೆಯೇ ಮುಂದಿನದು. ನಡುನಡುವೆ ತೇಗಿಸಬೇಕು. ಅರ್ಧ ಗಂಟೆಗಿಂತ ಹೆಚ್ಚು ಎಳೆದರೆ ಕುಡಿದ ಶಕ್ತಿಯೆಲ್ಲ ಕುಡಿಯುವ ಶ್ರಮಕ್ಕೇ ಹೋಗುತ್ತದೆ. ನಾನು ಒಳಲೆಗೆ ಕೈ ಚಾಚಿದರೆ ಕೊಡಲಿಲ್ಲ. "ನೀವಲ್ಲ, ಮಗುವಿನ ಅಪ್ಪನನ್ನು ಕರೀರಿ." ಬೆಳಗಾತ ರಬ್ಬರ್ ಟ್ಯಾಪಿಂಗ್ ಮಾಡುವ ಕೈ, ಸೂಕ್ಷ್ಮ ಗೊತ್ತು, ನನಗಿಂತ ಚೆನ್ನಾಗಿ ಕುಡಿಸಿದರು. ಆ ರಾತ್ರಿಯಿಂದ ಎರಡು ಗಂಟೆಯ ಸರದಿ ಅವರದಾಯಿತು. ನಾನು ನಿದ್ದೆ ಮಾಡಿದೆ. ಮಗ ಮೈ ತುಂಬಿಕೊಂಡದ್ದು ಆಮೇಲೆಯೇ.

ಅಂಗನವಾಡಿಯ ತೂಕದ ಚಾರ್ಟಿನಲ್ಲಿ ಹಸಿರು, ಹಳದಿ, ಕಿತ್ತಳೆ ಇವೆ. ತಾಯಿಯ ನಿದ್ದೆಗೆ ಅಲ್ಲಿ ಬಣ್ಣವಿಲ್ಲ.

ಸೀಳುತುಟಿ, ಸೀಳು ಅಂಗುಳ ಎರಡೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೇರಿವೆ. ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿ. ಅಂಗುಳದ ಆಪರೇಷನ್ ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಆಗುತ್ತದೆ, ಅಲ್ಲಿಯವರೆಗೆ ಹಾಲಿನ ಈ ಯುದ್ಧ ಮುಗಿಯುವುದಿಲ್ಲ. ಬಾಳಂತಿಗೆ ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ಇನ್ನು ಗಂಡಂದಿರಿಗೆ ಒಂದು ಮಾತು: ಆಸ್ಪತ್ರೆಯಲ್ಲಿ ಹಾಲು ಕುಡಿಸುವುದನ್ನು ಕಲಿಸುವಾಗ ಹೊರಗೆ ಚಾ ಕುಡಿಯಲು ಹೋಗಬೇಡಿ.